ತುಂಡುಗಳಿಂದಲೇ ಹುಟ್ಟಿದ ಗೋಪುರ

ಆಟಿಕೆ ಅಂಗಡಿಯಲ್ಲೂ ಆನ್‌ಲೈನ್ ಮಾರಾಟದಲ್ಲೂ ಈಗ ಮರದ ಪಜಲ್‌ಗಳದೇ ಭರಾಟೆ. ತಾಜಮಹಲು, ರೋಮಿನ ಕೊಲೋಸಿಯಂ, ಲಂಡನ್ನಿನ ಬಿಗ್ ಬೆನ್, ಪೀಸಾದ ವಾಲುಗೋಪುರ, ಹೀಗೆ ಜಗತ್ತಿನ ಸ್ಮಾರಕಗಳೆಲ್ಲ ಎರಡು-ಮೂರು ಮಿಲಿಮೀಟರ್ ದಪ್ಪದ ಪ್ಲೈವುಡ್ ಹಾಳೆಗಳಾಗಿ, ಚಪ್ಪಟೆ ಪೆಟ್ಟಿಗೆಯಲ್ಲಿ ಮಲಗಿಕೊಂಡು ಮನೆಗೆ ಬರುತ್ತವೆ. ಹಾಳೆಯಿಂದ ತುಂಡು ಬಿಡಿಸಿ, ಅಂಕಿ ನೋಡಿ, ಒಂದರ ಸೀಳಿಗೆ ಇನ್ನೊಂದನ್ನು ಕೂರಿಸುತ್ತ ಹೋದರೆ ಸಂಜೆಯ ಹೊತ್ತಿಗೆ ಮೇಜಿನ ಮೇಲೊಂದು ಸ್ಮಾರಕ ಎದ್ದು ನಿಲ್ಲುತ್ತದೆ. ಬೇಸಿಗೆ ರಜೆಗೆ ಮಕ್ಕಳಿಗೆಂದು ತಂದ ಪೆಟ್ಟಿಗೆಗೆ ಕೊನೆಗೆ ಅಪ್ಪ-ಅಮ್ಮಂದಿರೇ ಅಂಟಿಕೊಂಡು ಕೂರುವುದೂ ಉಂಟು.

ಈ ಪೆಟ್ಟಿಗೆಗಳ ಸಾಲಿನಲ್ಲಿ ಐಫೆಲ್ ಗೋಪುರದ್ದು ಬೇರೆಯೇ ಜಾತಿ. ಉಳಿದ ಸ್ಮಾರಕಗಳನ್ನು ಪಜಲ್ ಮಾಡಬೇಕಾದರೆ ಅವುಗಳ ಸ್ವಭಾವವನ್ನೇ ಬದಲಿಸಬೇಕು. ತಾಜಮಹಲು ಇಟ್ಟಿಗೆ, ಗಾರೆ, ಅಮೃತಶಿಲೆಯ ಕಟ್ಟಡ. ಅದನ್ನು ಪ್ಲೈವುಡ್ಡಿನ ಸೀಳುಗಳಿಗೆ ಒಗ್ಗಿಸಿದಾಗ ಉಳಿಯುವುದು ಅದರ ಹೊರಗೆರೆ ಮಾತ್ರ. ಐಫೆಲ್ ಗೋಪುರ ಹುಟ್ಟಿದ್ದೇ ಜೋಡಣೆಯ ಸಾಮಾನಾಗಿ. ಊರಾಚೆಯ ಕಾರ್ಖಾನೆಯಲ್ಲಿ ಕತ್ತರಿಸಿ, ತೂತು ಕೊರೆದು, ತಯಾರಾದ ತುಂಡುಗಳನ್ನು ಜಾಗಕ್ಕೆ ಸಾಗಿಸಿ, ನಕ್ಷೆ ನೋಡಿಕೊಂಡು ಒಂದರ ಮೇಲೊಂದು ಬಿಗಿದದ್ದು ಅದು. ಹಾಗಾಗಿ ಈ ಪಜಲ್ ಜೋಡಿಸುವವರು ಗೋಪುರದ ಆಕಾರದ ಜತೆಗೆ ಅದನ್ನು ಕಟ್ಟಿದ ರೀತಿಯನ್ನೂ ಕೈಯಾರೆ ನಡೆಸಿ ನೋಡುತ್ತಾರೆ. ಈ ಮರದ ಮಾದರಿ ಎಲ್ಲಿ ನಿಜ ಹೇಳುತ್ತದೆ, ಎಲ್ಲಿ ಸುಳ್ಳು ಹೇಳುತ್ತದೆ ಎಂದು ಗಮನಿಸುತ್ತ ಜೋಡಿಸಿದರೆ ಆಟದ ಜತೆಗೆ ಎಂಜಿನಿಯರಿಂಗ್ ಪಾಠವೂ ಆದೀತು.

ನಕ್ಷೆಯಲ್ಲೇ ಮುಗಿದ ಕೆಲಸ

ಫ್ರೆಂಚ್ ಕ್ರಾಂತಿಯ ನೂರನೇ ವರ್ಷಕ್ಕೆ, 1889ರಲ್ಲಿ, ಪ್ಯಾರಿಸ್ಸಿನಲ್ಲಿ ವಿಶ್ವ ವಸ್ತುಪ್ರದರ್ಶನ ಏರ್ಪಾಡಾಗಿತ್ತು. ತಳದಲ್ಲಿ 125 ಮೀಟರ್ ಚೌಕ, ಎತ್ತರ 300 ಮೀಟರ್ ಇರುವ ಗೋಪುರವೊಂದು ಸಾಧ್ಯವೇ ಎಂದು 1886ರ ಮೇ ತಿಂಗಳಲ್ಲಿ ಸ್ಪರ್ಧೆ ಕರೆದರು. ಗುಸ್ತಾವ್ ಐಫೆಲ್ ಅವರ ಕಂಪನಿಯಲ್ಲಿ ಅಷ್ಟರೊಳಗೆ ಯೋಚನೆ ಸಿದ್ಧವಾಗಿತ್ತು. ಅಲ್ಲಿನ ಎಂಜಿನಿಯರುಗಳಾದ ಮೊರೀಸ್ ಕೆಶ್ಲಾಂ ಮತ್ತು ಎಮಿಲ್ ನುಗಿಯೆ 1884ರಲ್ಲೇ ಗೋಪುರದ ಮೊದಲ ರೇಖಾಚಿತ್ರ ಬರೆದಿದ್ದರು. ವಾಸ್ತುಶಿಲ್ಪಿ ಸ್ತೆಫಾನ್ ಸೋವೆಸ್ತ್ರ್ ಅದಕ್ಕೆ ಒಪ್ಪ ಓರಣ ಕೊಟ್ಟರು. ಹೆಸರು ಐಫೆಲ್ ಅವರದಾದರೂ ಗೆರೆ ಎಳೆದ ಕೈಗಳು ಬೇರೆ.

ಆಮೇಲಿನ ಕಥೆ ನಕ್ಷೆಗಳದ್ದು. ಸುಮಾರು 50 ಮಂದಿ ಎಂಜಿನಿಯರುಗಳು, ನಕ್ಷೆಗಾರರು ಕೂತು 5,300ರಷ್ಟು ನಕ್ಷೆ ಬರೆದರು. ಗೋಪುರದಲ್ಲಿರುವ ಕಬ್ಬಿಣದ ತುಂಡುಗಳು 18,038. ಒಂದೊಂದು ತುಂಡಿಗೂ ಅಳತೆ, ಒಂದೊಂದು ರಿವೆಟ್ ತೂತಿಗೂ ಜಾಗ ಕಾಗದದ ಮೇಲೆ ನಿಗದಿಯಾಯಿತು. ಅದೂ ಎಂಥ ಅಳತೆ? ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ಕರಾರುವಾಕ್ಕು. ಪ್ಯಾರಿಸ್ಸಿಗೆ ಅಂಟಿಕೊಂಡಿರುವ ಲೆವಲ್ವಾ-ಪೆರೆ ಎಂಬಲ್ಲಿನ ಕಾರ್ಖಾನೆಯಲ್ಲಿ ಈ ತುಂಡುಗಳನ್ನು ಕತ್ತರಿಸಿ, ತೂತು ಕೊರೆದು, ಐದೈದು ಮೀಟರಿನ ಭಾಗಗಳಾಗಿ ಅಲ್ಲೇ ಕೂಡಿಸಿ ಕಳಿಸುತ್ತಿದ್ದರು. ಒಟ್ಟು 25 ಲಕ್ಷ ರಿವೆಟ್‌ಗಳಲ್ಲಿ ಗೋಪುರ ಏಳುತ್ತಿದ್ದ ಜಾಗದಲ್ಲಿ ಬಡಿದದ್ದು ಮೂರನೇ ಒಂದು ಪಾಲು ಮಾತ್ರ. ಉಳಿದದ್ದೆಲ್ಲ ಕಾರ್ಖಾನೆಯ ಕೆಲಸ.

ಜೋಡಿಸುವ ಜಾಗದಲ್ಲಿ ಒಂದು ಕಟ್ಟುನಿಟ್ಟಿತ್ತು. ತುಂಡು ಸರಿಯಾಗಿ ಕೂರದಿದ್ದರೆ ಅಲ್ಲೇ ಉಜ್ಜಿ, ಕೊರೆದು ಸರಿಮಾಡುವಂತಿರಲಿಲ್ಲ, ವಾಪಸ್ ಕಾರ್ಖಾನೆಗೇ ಕಳಿಸಬೇಕಿತ್ತು. ಒಂದು ತೂತನ್ನು ಅಂದಾಜಿನಲ್ಲಿ ಹಿಗ್ಗಿಸಿದರೆ ಅದರ ಮೇಲಿನ ನೂರು ತೂತುಗಳು ದಾರಿ ತಪ್ಪುತ್ತವೆ ಎಂಬುದು ಇದರ ಹಿಂದಿನ ಲೆಕ್ಕ. ಪಜಲ್ ಜೋಡಿಸುವಾಗ ನಮ್ಮ ಕೈ ತುರಿಸುವುದು ಇಂಥ ಕಡೆಯಲ್ಲೇ. ಒಂದು ತುಂಡು ಬಿಗಿಯಾಯಿತೆಂದರೆ ಥಟ್ಟನೆ ಉಪ್ಪುಕಾಗದ ಹುಡುಕುತ್ತೇವೆ. ಅದಕ್ಕೆ ಮೊದಲು ಬೇರೆ ತುಂಡನ್ನು ತಪ್ಪಾಗಿ ಕೂರಿಸಿದ್ದೇವೆಯೇ ಎಂದು ನೋಡುವುದು ಲೇಸು. ಒಳ್ಳೆಯ ತಯಾರಕರ ಪೆಟ್ಟಿಗೆಯಲ್ಲಿ ತುಂಡು ಕೂರದಿರುವುದಕ್ಕೆ ಕಾರಣ ಹೆಚ್ಚಾಗಿ ಜೋಡಣೆಯ ಕ್ರಮದಲ್ಲೇ ಇರುತ್ತದೆ.

ಸೀಳಿಗೆ ಸೀಳು

ಮರದ ಪಜಲ್‌ನ ಜೀವಾಳ ಅದರ ಸೀಳು. ಎರಡು ಹಲಗೆ ತುಂಡುಗಳು ಒಂದನ್ನೊಂದು ಅಡ್ಡ ಹಾಯಬೇಕೆಂದುಕೊಳ್ಳಿ. ಒಂದಕ್ಕೆ ಮೇಲಿಂದ ಅರ್ಧದವರೆಗೆ ಸೀಳು, ಇನ್ನೊಂದಕ್ಕೆ ಕೆಳಗಿಂದ ಅರ್ಧದವರೆಗೆ ಸೀಳು. ಎರಡನ್ನೂ ಅಡ್ಡಡ್ಡ ಹಿಡಿದು ಒತ್ತಿದರೆ ಒಂದರ ಹೊಟ್ಟೆಯೊಳಗೆ ಇನ್ನೊಂದು ಸೇರಿ ಅಂಚುಗಳು ಸಮವಾಗುತ್ತವೆ. ಸೀಳಿನ ಅಗಲ ಹಲಗೆಯ ದಪ್ಪಕ್ಕೆ ಸರಿಯಾಗಿ ಹೊಂದಿದರೆ ಅಂಟು ಬೇಡ, ಮೊಳೆ ಬೇಡ, ತಿಕ್ಕಾಟವೇ ಹಿಡಿದು ನಿಲ್ಲಿಸುತ್ತದೆ. ಹೀಗೆ ಕೂತ ತುಂಡು ಅತ್ತಿತ್ತ ಅಲುಗಲಾರದು. ಅದಕ್ಕೆ ಉಳಿಯುವ ದಾರಿ ಒಂದೇ, ಬಂದ ದಾರಿಯಲ್ಲೇ ಹಿಂದಕ್ಕೆ ಹೊರಡುವುದು. ಮುಂದಿನ ತುಂಡು ಬಂದು ಆ ದಾರಿಯನ್ನು ಮುಚ್ಚುತ್ತದೆ. ಅದರ ದಾರಿಯನ್ನು ಅದರ ಮುಂದಿನದು ಮುಚ್ಚುತ್ತದೆ. ಕೈಪಿಡಿಯಲ್ಲಿ ಕೊಟ್ಟ ಕ್ರಮವನ್ನು ಮೀರಬಾರದು ಎನ್ನುವುದು ಇದಕ್ಕೇ. ಬೀಗ ಹಾಕಿದ ಮೇಲೆ ಒಳಗಿನ ಸಾಮಾನು ಇಡಲು ಬರುವುದಿಲ್ಲ.

ನಿಜವಾದ ಗೋಪುರದಲ್ಲಿ ಈ ಹಿಡಿತ ಕೊಟ್ಟದ್ದು ರಿವೆಟ್. ಮೊದಲು ತುಂಡುಗಳನ್ನು ಬೋಲ್ಟ್ ಹಾಕಿ ತಾತ್ಕಾಲಿಕವಾಗಿ ಬಿಗಿಯುತ್ತಿದ್ದರು. ಆಮೇಲೆ ಒಂದೊಂದೇ ಬೋಲ್ಟ್ ತೆಗೆದು ಆ ಜಾಗಕ್ಕೆ ಕೆಂಪಗೆ ಕಾದ ರಿವೆಟ್ ತೂರಿಸಿ ಬಡಿಯುತ್ತಿದ್ದರು. ಕಾಯಿಸುವವನೊಬ್ಬ, ಹಿಡಿಯುವವನೊಬ್ಬ, ತಲೆ ರೂಪಿಸುವವನೊಬ್ಬ, ಸುತ್ತಿಗೆ ಬೀಸುವವನೊಬ್ಬ, ಹೀಗೆ ರಿವೆಟ್ಟೊಂದಕ್ಕೆ ನಾಲ್ವರ ತಂಡ. ಕಾದ ರಿವೆಟ್ ಆರುತ್ತ ಕುಗ್ಗುತ್ತದೆ. ಕುಗ್ಗುವಾಗ ಎರಡೂ ಕಡೆಯ ಕಬ್ಬಿಣದ ಪಟ್ಟಿಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಮರದಲ್ಲಿ ತಿಕ್ಕಾಟ ಮಾಡುವ ಕೆಲಸವನ್ನು ಕಬ್ಬಿಣದಲ್ಲಿ ಈ ಕುಗ್ಗುವಿಕೆ ಮಾಡಿತು.

ಈಗಿನ ಪಜಲ್‌ಗಳ ಸೀಳನ್ನು ಕೊರೆಯುವುದು ಲೇಸರ್. ಕಿರಣ ಮರವನ್ನು ಸುಟ್ಟುಕೊಂಡೇ ಮುಂದೆ ಸಾಗುತ್ತದೆ. ತುಂಡಿನ ಅಂಚು ಕಂದು ಬಣ್ಣಕ್ಕೆ ತಿರುಗಿ, ಪೆಟ್ಟಿಗೆ ತೆರೆದೊಡನೆ ಕಮಟು ವಾಸನೆ ಬರುವುದು ಅದರಿಂದಲೇ. ಕಿರಣ ಹಾದ ಜಾಗದಲ್ಲಿ ಮಿಲಿಮೀಟರಿನ ಹತ್ತನೇ ಒಂದೆರಡು ಪಾಲಿನಷ್ಟು ಮರ ಬೂದಿಯಾಗಿ ಹೋಗುತ್ತದೆ. ವಿನ್ಯಾಸ ಮಾಡುವವರು ಇದನ್ನು ಮೊದಲೇ ಲೆಕ್ಕ ಹಿಡಿದು ಸೀಳನ್ನು ಅಷ್ಟು ಕಿರಿದಾಗಿ ಬರೆಯಬೇಕು. ಮರೆತರೆ ಇಡೀ ಮಾದರಿ ಲೊಡಲೊಡ ಅಲ್ಲಾಡುತ್ತದೆ, ಅತಿ ಎಚ್ಚರಿಕೆ ವಹಿಸಿದರೆ ತುಂಡುಗಳು ಸೀಳಿಗೆ ಇಳಿಯುವುದೇ ಇಲ್ಲ. ಕೆಶ್ಲಾಂ ತಂಡ ಕಬ್ಬಿಣಕ್ಕೆ ಹಾಕಿಕೊಂಡ ಹತ್ತನೇ ಒಂದು ಮಿಲಿಮೀಟರಿನ ಶಿಸ್ತೇ ನಿಮ್ಮ ಮೇಜಿನ ಮೇಲಿನ ಆಟಿಕೆಗೂ ಬೇಕಾಗುತ್ತದೆ ಎಂಬುದು ಸೋಜಿಗ.

ಮಳೆಗಾಲದ ಪ್ಲೈವುಡ್

ಲೇಸರ್ ಎಷ್ಟೇ ಕರಾರುವಾಕ್ಕಾಗಿದ್ದರೂ ಮರ ತನ್ನ ಹಟ ಬಿಡುವುದಿಲ್ಲ. ಪ್ಲೈವುಡ್ ಅಂದರೆ ತೆಳ್ಳಗಿನ ಮರದ ಪದರಗಳನ್ನು ಅಂಟಿಸಿದ ಹಲಗೆ. ಒಂದು ಪದರದ ಎಳೆ ಉದ್ದಕ್ಕೆ ಓಡಿದರೆ ಅದರ ಮೇಲಿನ ಪದರದ್ದು ಅಡ್ಡಕ್ಕೆ ಓಡುತ್ತದೆ. ಪದರಗಳು ಸಾಮಾನ್ಯವಾಗಿ ಮೂರು, ಐದು ಹೀಗೆ ಬೆಸ ಸಂಖ್ಯೆಯಲ್ಲಿರುತ್ತವೆ. ನಡುವಿನ ಪದರದ ಎರಡೂ ಕಡೆ ಸಮಬಲದ ಎಳೆತ ಇರಲಿ, ಹಲಗೆ ಸೊಟ್ಟಗಾಗದಿರಲಿ ಎಂಬುದು ಇದರ ಉದ್ದೇಶ. ಮರ ತೇವ ಹೀರಿದಾಗ ಎಳೆಯ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ. ಪ್ಲೈವುಡ್‌ನಲ್ಲಿ ಅಡ್ಡ ಪದರಗಳು ಒಂದನ್ನೊಂದು ತಡೆಯುವುದರಿಂದ ಹಲಗೆಯ ಉದ್ದ-ಅಗಲ ಹೆಚ್ಚೂಕಡಿಮೆ ಹಾಗೇ ಇರುತ್ತವೆ. ದಪ್ಪಕ್ಕೆ ಮಾತ್ರ ಈ ಕಾವಲಿಲ್ಲ. ತೇವ ಕುಡಿದ ಪ್ಲೈವುಡ್ ಉಬ್ಬುವುದು ದಪ್ಪದಲ್ಲೇ.

ಪಜಲ್‌ಗೆ ಪೆಟ್ಟು ಬೀಳುವುದು ಇಲ್ಲಿ. ಸೀಳಿನ ಅಗಲ ಹಾಳೆಯ ಮೈಮೇಲಿನ ಅಳತೆ, ಅದು ಬದಲಾಗುವುದಿಲ್ಲ. ಅದರೊಳಗೆ ಇಳಿಯಬೇಕಾದದ್ದು ಹಲಗೆಯ ದಪ್ಪ, ಅದು ಬದಲಾಗುತ್ತದೆ. ಮಳೆಗಾಲದಲ್ಲಿ ಹಳೆಯ ಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವ ಹಾಗೆ, ಜುಲೈನಲ್ಲಿ ಮಡಿಕೇರಿಯಲ್ಲೋ ತೀರ್ಥಹಳ್ಳಿಯಲ್ಲೋ ಬಿಚ್ಚಿದ ಪೆಟ್ಟಿಗೆಯ ತುಂಡುಗಳು ಸೀಳಿಗೆ ಇಳಿಯಲು ಸತಾಯಿಸುತ್ತವೆ. ಅದೇ ಪೆಟ್ಟಿಗೆಯನ್ನು ಏಪ್ರಿಲ್‌ನಲ್ಲಿ ರಾಯಚೂರಿನಲ್ಲಿ ಬಿಚ್ಚಿದರೆ ತುಂಡುಗಳು ಸಲೀಸಾಗಿ ಕೂರುತ್ತವೆ, ಕೆಲವೊಮ್ಮೆ ಸಡಿಲವೂ ಆಗುತ್ತವೆ. ಮಲೆನಾಡಿನವರು ಹಾಳೆಗಳನ್ನು ಒಂದೆರಡು ದಿನ ಒಣ ಕೋಣೆಯಲ್ಲಿ, ಮೇಲೊಂದು ದಪ್ಪ ಪುಸ್ತಕ ಹೇರಿ ಇಟ್ಟು ಆಮೇಲೆ ಕೈಹಾಕುವುದು ಒಳ್ಳೆಯದು. ಬಿಸಿಲಿಗೆ ಹಾಕಿದರೆ ಮಾತ್ರ ಕೆಲಸ ಕೆಟ್ಟೀತು, ಒಂದೇ ಮೈ ಒಣಗಿ ಹಾಳೆ ಬಾಗುತ್ತದೆ. ಬಿಗಿಯಾದ ಸೀಳಿನ ಒಳ ಅಂಚಿಗೆ ಮೇಣದಬತ್ತಿಯನ್ನು ತುಸು ಸವರಿದರೆ ತುಂಡು ಜಾರಿ ಕೂರುತ್ತದೆ. ಆದರೆ ಅಂಟು ಹಾಕುವ ಯೋಚನೆಯಿದ್ದರೆ ಆ ಜಾಗಕ್ಕೆ ಮೇಣ ಸೋಕಿಸಬಾರದು, ಅಂಟು ಹಿಡಿಯುವುದಿಲ್ಲ.

ಕಬ್ಬಿಣಕ್ಕೂ ಇಂಥದೇ ಗುಣವಿದೆ. ಅದನ್ನು ಹಿಗ್ಗಿಸುವುದು ಬಿಸಿ. 300 ಮೀಟರ್ ಉದ್ದದ ಕಬ್ಬಿಣದ ತಾಪ 40 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಉದ್ದ ಸುಮಾರು 14 ಸೆಂಟಿಮೀಟರ್ ಹೆಚ್ಚುತ್ತದೆ. ಹಾಗಾಗಿ ಬೇಸಿಗೆಯ ಐಫೆಲ್ ಗೋಪುರ ಚಳಿಗಾಲದ್ದಕ್ಕಿಂತ ಎತ್ತರ. ಬಿಸಿಲು ಒಂದೇ ಮಗ್ಗುಲಿಗೆ ಬೀಳುವಾಗ ಆ ಬದಿ ಹೆಚ್ಚು ಹಿಗ್ಗಿ ಗೋಪುರದ ತುದಿ ಸೂರ್ಯನಿಗೆ ಬೆನ್ನು ಹಾಕಿ ಒಂದಿಷ್ಟು ಸರಿಯುತ್ತದೆ.

ನಾಲ್ಕು ಕಾಲು, ಒಂದು ಮಹಡಿ

ಐಫೆಲ್ ಪಜಲ್‌ನಲ್ಲಿ ಎದೆ ಡವಗುಟ್ಟುವ ಗಳಿಗೆ ಒಂದಿದೆ. ನಾಲ್ಕು ಕಾಲುಗಳೂ ಬೇರೆಬೇರೆಯಾಗಿ ಎದ್ದು, ಒಳಕ್ಕೆ ವಾಲಿಕೊಂಡು, ಒಂದಕ್ಕೊಂದು ಸಂಬಂಧವಿಲ್ಲದಂತೆ ನಿಂತಿರುತ್ತವೆ. ಈಗ ಮೊದಲ ಮಹಡಿಯ ಚೌಕ ಹಲಗೆಯನ್ನು ಅವುಗಳ ನೆತ್ತಿಯ ಮೇಲೆ ಇಳಿಸಬೇಕು. ಮೂರು ಕಾಲಿನ ನಾಲಿಗೆಗಳು ಹಲಗೆಯ ಸೀಳುಗಳಿಗೆ ಸರಿಯಾಗಿ ಹೋಗುತ್ತವೆ, ನಾಲ್ಕನೆಯದು ಕೂದಲೆಳೆಯಷ್ಟು ಹೊರಗೆ ನಿಂತು ಮೊಂಡಾಟ ಮಾಡುತ್ತದೆ. ಅದನ್ನು ಬೆರಳಿನಿಂದ ಒಳಕ್ಕೆ ಒತ್ತಿದರೆ ಎದುರಿನದು ಕಿತ್ತು ಬರುತ್ತದೆ. ಕಾಲುಗಳ ಬುಡಕ್ಕೆ ಆಗಲೇ ಅಂಟು ಹಾಕಿಬಿಟ್ಟಿದ್ದರಂತೂ ಮುಗಿಯಿತು, ಹೊಂದಿಸಲು ಜಾಗವೇ ಇರುವುದಿಲ್ಲ. ಬುಡವನ್ನು ಸಡಿಲವಾಗಿ ಬಿಟ್ಟಿದ್ದರೆ ನಾಲ್ಕೂ ಕಾಲುಗಳನ್ನು ತುಸುತುಸುವೇ ಜರುಗಿಸಿ ಹಲಗೆಯನ್ನು ಟಪ್ಪೆಂದು ಕೂರಿಸಬಹುದು. ಕೂತ ಕ್ಷಣದಿಂದ ಇಡೀ ರಚನೆ ಗಟ್ಟಿ. ಅಲ್ಲಿಯವರೆಗೆ ಅಲುಗಾಡುತ್ತಿದ್ದದ್ದನ್ನು ಈಗ ಎತ್ತಿ ಹಿಡಿದರೂ ಕದಲುವುದಿಲ್ಲ.

ಪ್ಯಾರಿಸ್ಸಿನಲ್ಲಿ ಎದುರಾದದ್ದೂ ಇದೇ ಸಮಸ್ಯೆ. ಕಾಲುಗಳ ಜೋಡಣೆ ಶುರುವಾದದ್ದು 1887ರ ಜುಲೈ 1ರಂದು. ವಾಲಿಕೊಂಡು ಏಳುತ್ತಿದ್ದ ಕಾಲುಗಳು ತಮ್ಮ ಭಾರಕ್ಕೇ ಒಳಕ್ಕೆ ಉರುಳದಂತೆ ಕೆಳಗೆ ಎತ್ತರದ ಮರದ ಸಾರುವೆಗಳನ್ನು ಕಟ್ಟಿ ಆನಿಸಿದರು. ಸುಮಾರು 57 ಮೀಟರ್ ಎತ್ತರದಲ್ಲಿ ನಾಲ್ಕೂ ಕಾಲುಗಳನ್ನು ಮೊದಲ ಮಹಡಿಯ ತೊಲೆಗಳು ಕೂಡಿಸಬೇಕಿತ್ತು. ರಿವೆಟ್ ತೂತುಗಳನ್ನು ಹತ್ತನೇ ಒಂದು ಮಿಲಿಮೀಟರಿನ ನಿಖರತೆಯಲ್ಲಿ ಕೊರೆದಿದ್ದರೂ, ಅಷ್ಟು ದೊಡ್ಡ ಕಾಲೊಂದು ಗಾಳಿಯಲ್ಲಿ ಸರಿಯಾದ ಜಾಗಕ್ಕೇ ಬಂದು ನಿಲ್ಲುತ್ತದೆಂದು ನೆಚ್ಚಿಕೊಳ್ಳಲಾಗದು. ಎಂಜಿನಿಯರುಗಳು ಇದಕ್ಕೆ ಎರಡು ಉಪಾಯ ಮಾಡಿದ್ದರು. ಕಾಲಿನ ಬುಡದಲ್ಲಿ ಹೈಡ್ರಾಲಿಕ್ ಜಾಕಿಗಳು, ಸಾರುವೆಯ ನೆತ್ತಿಯಲ್ಲಿ ಮರಳು ತುಂಬಿದ ಪೆಟ್ಟಿಗೆಗಳು. ಕಾಲನ್ನು ಎತ್ತಬೇಕಾದರೆ ಜಾಕಿ ಒತ್ತುವುದು, ಇಳಿಸಬೇಕಾದರೆ ಪೆಟ್ಟಿಗೆಯಿಂದ ಒಂದಿಷ್ಟು ಮರಳು ಸುರಿಸುವುದು. ಹೀಗೆ ಒಂದು ಮಿಲಿಮೀಟರಿನ ನಿಖರತೆಯಲ್ಲಿ ತೊಲೆಗಳನ್ನು ಹೊಂದಿಸಿ, ಆಮೇಲೆ ಜಾಕಿ ತೆಗೆದು ಶಾಶ್ವತ ಬೆಣೆಗಳನ್ನು ಬಡಿದರು. 1888ರ ಏಪ್ರಿಲ್ 1ರ ಹೊತ್ತಿಗೆ ಮೊದಲ ಮಹಡಿ ಮುಗಿಯಿತು, ಆಗಸ್ಟ್ 14ಕ್ಕೆ ಎರಡನೆಯದು. 1889ರ ಮಾರ್ಚ್ 31ಕ್ಕೆ ತುದಿ ಮುಟ್ಟಿದ್ದರು.

ಹೊಂದಿಸಿಕೊಳ್ಳಲು ಜಾಗ ಬಿಟ್ಟುಕೊಂಡು ಕಟ್ಟು, ಹೊಂದಿದ ಮೇಲೆ ಬಿಗಿ. ಐಫೆಲ್ ಕಂಪನಿಯ ಈ ನಿಯಮ ಮೂವತ್ತು ಸೆಂಟಿಮೀಟರಿನ ಮಾದರಿಗೂ ಅನ್ವಯ. ಅಂಟು ಹಾಕಲೇಬೇಕೆಂದಿದ್ದರೆ ಮೊದಲ ಮಹಡಿ ಕೂತ ಮೇಲೆ ಹಾಕಿ.

ನಮ್ಮ ಮನೆಯಲ್ಲಿ ಈ ಮಾದರಿ ಕಟ್ಟುವಾಗ ಅಕ್ಕನ ಮಗಳು ಜತೆಗೆ ಕೂತಿದ್ದಳು. ಎರಡನೇ ಮಹಡಿಯೂ ಆಗಿ ಮೇಲಿನ ಮೊನೆ ಏಳುತ್ತಿತ್ತು. ಕಾಲುಗಳ ನಡುವೆ ಕೂರಬೇಕಾದ ನಾಲ್ಕು ಕಮಾನುಗಳು ಇನ್ನೂ ಮೇಜಿನ ಮೇಲೇ ಬಿದ್ದಿದ್ದವು. ‘ಮಾಮ, ಕಮಾನು ಇಲ್ಲದೇನೇ ನಿಂತಿದ್ಯಲ್ಲ, ಮತ್ತೆ ಇದ್ಯಾಕೆ?’ ಎಂದಳು. ಒಳ್ಳೆಯ ಪ್ರಶ್ನೆ. ಸೇತುವೆಯ ಕಮಾನು ಭಾರ ಹೊರುತ್ತದೆ, ಐಫೆಲ್‌ನ ಕಮಾನಿಗೆ ಆ ಹೊಣೆ ಇಲ್ಲ. ಕೆಶ್ಲಾಂ ಬರೆದ ಮೊದಲ ಚಿತ್ರದಲ್ಲಿ ಅದು ಇರಲೂ ಇಲ್ಲ. ಬರಿಯ ಕಬ್ಬಿಣದ ಕಂಬದ ಹಾಗಿದ್ದ ಗೋಪುರ ಪ್ರದರ್ಶನದ ಹೆಬ್ಬಾಗಿಲಿನಂತೆ ಕಾಣಲಿ, ನೋಡುವವರ ಕಣ್ಣಿಗೂ ಆಧಾರ ಸಿಕ್ಕಂತಾಗಲಿ ಎಂದು ಸೋವೆಸ್ತ್ರ್ ಸೇರಿಸಿದ ಅಲಂಕಾರವದು. ಪಜಲ್‌ನ ಕಮಾನು ತುಂಡುಗಳು ಕೊನೆಗೆ ಸುಮ್ಮನೆ ಸಿಕ್ಕಿಸುವಂತಿದ್ದರೆ ಆ ವಿನ್ಯಾಸಕಾರ ಗೋಪುರವನ್ನು ಚೆನ್ನಾಗಿ ಓದಿಕೊಂಡಿದ್ದಾನೆ ಎನ್ನಬಹುದು.

ಮಾದರಿ ಹೇಳುವ ಸುಳ್ಳು

ಜೋಡಣೆಯ ವಿಷಯದಲ್ಲಿ ಇಷ್ಟು ಪ್ರಾಮಾಣಿಕವಾದ ಮಾದರಿ ತೂಕದ ವಿಷಯಕ್ಕೆ ಬಂದೊಡನೆ ದಾರಿ ತಪ್ಪಿಸುತ್ತದೆ. ಗೋಪುರದ ಕಬ್ಬಿಣದ ತೂಕ ಸುಮಾರು 7,300 ಟನ್. ಅದನ್ನು ಸಾವಿರ ಪಟ್ಟು ಕುಗ್ಗಿಸಿ 30 ಸೆಂಟಿಮೀಟರಿಗೆ ತಂದರೆ ಎಷ್ಟು ತೂಗಬೇಕು? ಉದ್ದ, ಅಗಲ, ಎತ್ತರ ಮೂರೂ ಸಾವಿರ ಪಟ್ಟು ಕುಗ್ಗುವುದರಿಂದ ತೂಕ ನೂರು ಕೋಟಿ ಪಟ್ಟು ಕುಗ್ಗುತ್ತದೆ. ಉತ್ತರ ಏಳು ಗ್ರಾಂ ಚಿಲ್ಲರೆ. ಅದೂ ಅಪ್ಪಟ ಕಬ್ಬಿಣದಲ್ಲಿ ಮಾಡಿದರೆ! ಮೂರು ಮಿಲಿಮೀಟರ್ ದಪ್ಪದ ಎ4 ಅಳತೆಯ ಪ್ಲೈವುಡ್ ಹಾಳೆಯೊಂದೇ ಸುಮಾರು 120 ಗ್ರಾಂ ತೂಗುತ್ತದೆ. ಅಂದರೆ ಹಗುರವಾದ ಮರದಲ್ಲಿ ಮಾಡಿದ ನಮ್ಮ ಐಫೆಲ್, ಅದೇ ಎತ್ತರದ ತದ್ರೂಪಿ ಕಬ್ಬಿಣದ ಐಫೆಲ್‌ಗಿಂತ ಎಷ್ಟೋ ಪಟ್ಟು ಭಾರ.

ಕಾರಣ ಸರಳ. ನಿಜವಾದ ಗೋಪುರದ ಜಾಲರಿಯಲ್ಲಿರುವ ಒಂದು ಸೆಂಟಿಮೀಟರ್ ದಪ್ಪದ ಪಟ್ಟಿಯನ್ನು ಈ ಅಳತೆಗೆ ಇಳಿಸಿದರೆ ಮಿಲಿಮೀಟರಿನ ನೂರನೇ ಒಂದು ಪಾಲು ಆಗುತ್ತದೆ. ಅಷ್ಟು ತೆಳ್ಳಗೆ ಮರವನ್ನು ಕತ್ತರಿಸಲು ಸಾಧ್ಯವಿಲ್ಲ. ಆದ್ದರಿಂದ ಮಾದರಿಯಲ್ಲಿ ಜಾಲರಿಯ ಎಳೆಗಳು ದಪ್ಪಗಾಗುತ್ತವೆ, ಸಂಖ್ಯೆಯಲ್ಲಿ ಕಡಿಮೆಯಾಗುತ್ತವೆ. 18 ಸಾವಿರ ತುಂಡುಗಳ ಜಾಗದಲ್ಲಿ ನೂರಿನ್ನೂರು ನಿಲ್ಲುತ್ತವೆ. ನೋಡುವವರಿಗೆ ಗೋಪುರ ಗಟ್ಟಿಮುಟ್ಟಾದ ಕಬ್ಬಿಣದ ರಾಶಿಯಂತೆ ಕಾಣುತ್ತದೆ. ವಾಸ್ತವದಲ್ಲಿ ಅದರಲ್ಲಿರುವುದು ಬಹುಪಾಲು ಬಯಲೇ. ಅಷ್ಟೂ ಕಬ್ಬಿಣವನ್ನು ಕರಗಿಸಿ ಗೋಪುರದ ತಳದ ಚೌಕದಲ್ಲೇ ಹರಡಿದರೆ ಬರಿಯ ಆರು ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ನಾಲ್ಕೂ ಕಾಲುಗಳನ್ನು ಒಳಗೊಳ್ಳುವಂತೆ 300 ಮೀಟರ್ ಎತ್ತರದ ಕೊಳವೆಯೊಂದನ್ನು ಕಲ್ಪಿಸಿಕೊಂಡರೆ ಅದರೊಳಗಿನ ಗಾಳಿಯ ತೂಕವೇ 8,500 ಟನ್ ದಾಟುತ್ತದೆ, ಗೋಪುರದ ಕಬ್ಬಿಣಕ್ಕಿಂತ ಹೆಚ್ಚು.

ಎರಡನೇ ಸುಳ್ಳು ಬಲದ್ದು. ಮೇಜಿನ ಮೇಲಿನ ಮಾದರಿ ಗಟ್ಟಿಯಾಗಿ ನಿಂತಿತೆಂದು ದೊಡ್ಡದೂ ನಿಲ್ಲುತ್ತದೆ ಎನ್ನಲಾಗದು. ಅಳತೆಯನ್ನು ಹತ್ತು ಪಟ್ಟು ಹಿಗ್ಗಿಸಿದರೆ ತೂಕ ಸಾವಿರ ಪಟ್ಟು ಏರುತ್ತದೆ, ಆ ತೂಕ ಹೊರುವ ಕಂಬದ ಅಡ್ಡಕೊಯ್ತ ನೂರು ಪಟ್ಟು ಮಾತ್ರ ಏರುತ್ತದೆ. ಹೊರೆಯ ಓಟಕ್ಕೆ ಕಾಲು ಸಾಲದು. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಎರಡು ಹೊಸ ವಿಜ್ಞಾನಗಳ ಗ್ರಂಥದಲ್ಲೇ ಇದನ್ನು ವಿವರಿಸಿದ್ದ. ಐಫೆಲ್ ತಂಡಕ್ಕೆ ಇದರ ಜತೆಗೆ ಗಾಳಿಯ ಚಿಂತೆಯೂ ಇತ್ತು. ಗೋಪುರದ ಅಂಚುಗಳು ಬುಡದಲ್ಲಿ ಅಗಲಕ್ಕೆ ಹರಡಿ, ಮೇಲೆ ಹೋದಂತೆ ನೇರವಾಗುವ ಆ ಬಾಗು ಗಾಳಿಯ ಒತ್ತಡದ ಲೆಕ್ಕದಿಂದ ಬಂದದ್ದು. ಪ್ಲೈವುಡ್ ಮಾದರಿಗೆ ಗಾಳಿಯ ಭಯವಿಲ್ಲ. ಅದು ಬಾಗನ್ನು ಚಂದಕ್ಕಾಗಿ ಹೊತ್ತಿರುತ್ತದೆ.

ಬಿಚ್ಚಿ ಕಟ್ಟುವ ಕಾಲ

ಐಫೆಲ್ ಗೋಪುರ ಒಂಟಿಯಾಗಿ ಹುಟ್ಟಲಿಲ್ಲ. ಹತ್ತೊಂಬತ್ತನೇ ಶತಮಾನದ ಎರಡನೇ ಅರ್ಧ ತುಂಡು ಮಾಡಿ ಸಾಗಿಸಿ ಜೋಡಿಸುವ ಕಟ್ಟಡಗಳ ಕಾಲ. ಲಂಡನ್ನಿನ ಹೈಡ್ ಪಾರ್ಕಿನಲ್ಲಿ 1851ರ ವಸ್ತುಪ್ರದರ್ಶನಕ್ಕೆಂದು ಎದ್ದ ಕ್ರಿಸ್ಟಲ್ ಪ್ಯಾಲೇಸ್ ಕಬ್ಬಿಣ-ಗಾಜುಗಳ ಜೋಡಣೆಯೇ. ಪ್ರದರ್ಶನ ಮುಗಿದ ಮೇಲೆ ಅದನ್ನು ಬಿಚ್ಚಿ ಸಿಡನ್‌ಹ್ಯಾಮ್‌ನಲ್ಲಿ ಮತ್ತೆ ಕಟ್ಟಿದರು. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಮೂರ್ತಿಗೆ ಒಳಗಿನ ಕಬ್ಬಿಣದ ಅಸ್ಥಿಪಂಜರ ಮಾಡಿದ್ದು ಐಫೆಲ್ ಕಂಪನಿ. ಮೂರ್ತಿಯನ್ನು ಪ್ಯಾರಿಸ್ಸಿನಲ್ಲಿ ಪೂರ್ತಿ ನಿಲ್ಲಿಸಿ ನೋಡಿ, ಬಿಚ್ಚಿ, 350 ತುಂಡುಗಳನ್ನು 214 ಪೆಟ್ಟಿಗೆಗಳಲ್ಲಿ ತುಂಬಿ 1885ರಲ್ಲಿ ಹಡಗು ಹತ್ತಿಸಿದರು. ಬಿಡಿ ಭಾಗಗಳಾಗಿ ಸಾಗಿಸಿ ನಿಲ್ಲಿಸಬಹುದಾದ ಸೇತುವೆಗಳನ್ನೂ ಇದೇ ಕಂಪನಿ ಆಗಿನ ಫ್ರೆಂಚ್ ಇಂಡೋಚೀನಾಕ್ಕೆ ಮಾರುತ್ತಿತ್ತು.

ಬೆಂಗಳೂರಿಗರಿಗೆ ಈ ಪರಂಪರೆಯ ಮಾದರಿ ನೋಡಲು ಪ್ಯಾರಿಸ್ಸಿಗೆ ಹೋಗಬೇಕಿಲ್ಲ. ಗೋಪುರ ಎದ್ದು ನಿಂತ ಅದೇ 1889ರ ನವೆಂಬರ್ 30ರಂದು ಲಾಲ್‌ಬಾಗ್‌ನ ಗಾಜಿನ ಮನೆಗೆ ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಆಗ ತೋಟದ ಮೇಲ್ವಿಚಾರಣೆ ಜಾನ್ ಕ್ಯಾಮರೂನ್ ಅವರದು, ಕಲ್ಪನೆ ಕ್ರಿಸ್ಟಲ್ ಪ್ಯಾಲೇಸಿನದು, ಕಬ್ಬಿಣ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಕಂಪನಿಯಿಂದ. ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಹೂವಿನಿಂದ ಕಣ್ಣೆತ್ತಿ ಒಮ್ಮೆ ಮೇಲೆ ನೋಡಿ. ಒಂದೇ ಅಚ್ಚಿನ ಕಂಬಗಳು, ಒಂದೇ ಅಚ್ಚಿನ ಕಮಾನುಗಳು ಸಾಲಾಗಿ ಮತ್ತೆಮತ್ತೆ ಬರುತ್ತವೆ. ಒಂದು ತುಂಡಿನ ವಿನ್ಯಾಸಕ್ಕೆ ತಲೆ ಖರ್ಚು ಮಾಡಿ, ಅದನ್ನೇ ಹತ್ತಾರು ಸಲ ಬಳಸುವುದು ಇಂಥ ಕಟ್ಟಡಗಳ ಜಾಣ್ಮೆ. ಐಫೆಲ್ ಪಜಲ್‌ನಲ್ಲೂ ಹೆಚ್ಚಿನ ತುಂಡುಗಳು ನಾಲ್ಕು ನಾಲ್ಕರಂತೆ ಬರುವುದು ಗೋಪುರಕ್ಕೆ ನಾಲ್ಕು ಮುಖಗಳಿರುವುದರಿಂದ.

ಜೋಡಿಸಿದ್ದನ್ನು ಬಿಚ್ಚಲೂ ಬರುತ್ತದೆ. ಐಫೆಲ್‌ಗೆ ಅನುಮತಿ ಸಿಕ್ಕಿದ್ದು 20 ವರ್ಷಕ್ಕೆ. ವಾಸ್ತುಶಿಲ್ಪಿ ಗಾರ್ನಿಯೆ, ಕಥೆಗಾರ ಮೊಪಾಸಾ, ಸಂಗೀತ ಸಂಯೋಜಕ ಗುನೊ ಮೊದಲಾದವರು 1887ರಲ್ಲಿ ಗೋಪುರದ ವಿರುದ್ಧ ಪತ್ರಿಕೆಯಲ್ಲಿ ಸಾರ್ವಜನಿಕವಾಗಿ ಪ್ರತಿಭಟಿಸಿದಾಗ, ಇದು ತಾತ್ಕಾಲಿಕ ಎಂಬುದೇ ಹಲವರಿಗಿದ್ದ ಸಮಾಧಾನ. ಆದರೆ ಆ ಎತ್ತರದ ತುದಿ ರೇಡಿಯೊ ಸಂಪರ್ಕಕ್ಕೆ, ಅದರಲ್ಲೂ ಸೇನೆಯ ಸಂಪರ್ಕಕ್ಕೆ, ಒದಗಿ ಬಂದದ್ದರಿಂದ ಗೋಪುರ ಉಳಿಯಿತು. ಈಗ ಆಂಟೆನಾ ಸೇರಿ ಅದರ ಎತ್ತರ 330 ಮೀಟರ್.

ಕೊಳ್ಳುವಾಗ, ಕೂಡಿಸುವಾಗ

ಒಳ್ಳೆಯ ಪೆಟ್ಟಿಗೆ ಯಾವುದೆಂದು ತಿಳಿಯಲು ಸ್ಕೇಲ್ ಒಂದು ಸಾಕು. ಗೋಪುರದ ಮೂರು ಮಹಡಿಗಳು ನೆಲದಿಂದ ಸುಮಾರು 57, 115 ಮತ್ತು 276 ಮೀಟರ್ ಎತ್ತರದಲ್ಲಿವೆ. ಆಂಟೆನಾ ಬಿಟ್ಟು 30 ಸೆಂಟಿಮೀಟರ್ ಇರುವ ಮಾದರಿಯಲ್ಲಿ ಅವು 5.7, 11.5, 27.6 ಸೆಂಟಿಮೀಟರ್ ಹತ್ತಿರ ಇರಬೇಕು, ಬುಡದ ಅಗಲ 12.5 ಇರಬೇಕು. ಎಷ್ಟೋ ಅಗ್ಗದ ಮಾದರಿಗಳಲ್ಲಿ ಕಾಲುಗಳು ಕುಳ್ಳಗಾಗಿ ಮೊನೆ ದಪ್ಪಗಾಗಿರುತ್ತದೆ.

ವಸ್ತುವನ್ನೂ ನೋಡಿ. ಬರ್ಚ್ ಅಥವಾ ಬಾಸ್‌ವುಡ್ ಪ್ಲೈವುಡ್ ಬಾಳಿಕೆ ಬರುತ್ತದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಗ್ಗ. ಅದಕ್ಕೆ ತೇವ ತಗುಲಿದರೆ ಅಂಚು ಉಬ್ಬಿ ಬಿರಿಯುತ್ತದೆ. ತುದಿಯ ತೆಳ್ಳನೆಯ ಮೊನೆಯಂಥ ತುಂಡುಗಳಲ್ಲಿ ಹೊರಪದರದ ಎಳೆ ಉದ್ದಕ್ಕೆ ಓಡಿದೆಯೇ ಗಮನಿಸಿ, ಅಡ್ಡಕ್ಕೆ ಓಡಿದ್ದರೆ ಬೆರಳು ತಾಗಿದರೂ ಲಟಕ್ಕೆನ್ನುತ್ತದೆ. ಎಲ್ಲ ತುಂಡುಗಳನ್ನೂ ಒಮ್ಮೆಗೇ ಬಿಡಿಸಿ ಗುಡ್ಡೆ ಹಾಕಬೇಡಿ. ಹಲವು ಪೆಟ್ಟಿಗೆಗಳಲ್ಲಿ ಅಂಕಿ ಮುದ್ರಿಸಿರುವುದು ಸುತ್ತಲಿನ ಹಾಳೆಯ ಮೇಲೆ, ತುಂಡಿನ ಮೇಲಲ್ಲ. ಬಿಡಿಸುವಾಗ ಹಿಡಿದಿಟ್ಟಿರುವ ಸಣ್ಣ ಕೊಂಡಿಗಳನ್ನು ಬ್ಲೇಡಿನಿಂದ ಕುಯ್ದರೆ ಪದರ ಕಿತ್ತು ಬರುವುದಿಲ್ಲ.

ಗುಮ್ಮಟದ ಸ್ಮಾರಕಗಳ ಪೆಟ್ಟಿಗೆ ಕೊಳ್ಳುವಾಗ ಇನ್ನೊಂದು ಎಚ್ಚರ. ಚಪ್ಪಟೆ ಹಲಗೆಯಿಂದ ದುಂಡು ಮೈ ಮಾಡಲು ಬಳೆಯಾಕಾರದ ತುಂಡುಗಳನ್ನು ಪೇರಿಸಬೇಕು, ಇಲ್ಲವೇ ಪಕ್ಕೆಲುಬಿನಂಥ ಪಟ್ಟಿಗಳನ್ನು ನಡುಗಂಬದ ಸುತ್ತ ನಿಲ್ಲಿಸಬೇಕು. ಎರಡರಲ್ಲೂ ಗುಮ್ಮಟ ನಿಂತ ಗುಟ್ಟು ಕಾಣುವುದಿಲ್ಲ. ವಿಜಯಪುರದ ಗೋಲಗುಮ್ಮಟದ ಬಲವಿರುವುದು ಗುಮ್ಮಟದ ಕೆಳಗೆ ಒಂದನ್ನೊಂದು ಹಾಯುವ ಎಂಟು ಕಮಾನುಗಳಲ್ಲಿ. ಹೊರಗಿನ 44 ಮೀಟರ್ ವ್ಯಾಸದ ದುಂಡನ್ನು ಬಿಟ್ಟು ಆ ಎಂಟು ಕಮಾನುಗಳನ್ನಷ್ಟೇ ಸೀಳಿಗೆ ಸೀಳು ಕೂರಿಸುವ ಪಜಲ್ ಮಾಡಿದರೆ ಅದರಿಂದ ಮಕ್ಕಳಿಗೆ ಕಟ್ಟಡ ಅರ್ಥವಾದೀತು.

ಪಜಲ್ ಹುಟ್ಟಿದ್ದೇ ಪಾಠ ಹೇಳಲು. 1760ರ ದಶಕದಲ್ಲಿ ಲಂಡನ್ನಿನ ನಕ್ಷೆ ಕೆತ್ತನೆಗಾರ ಜಾನ್ ಸ್ಪಿಲ್ಸ್‌ಬರಿ ಭೂಪಟವನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಯುದ್ದಕ್ಕೂ ಕೊಯ್ದು ಮಕ್ಕಳ ಭೂಗೋಳಕ್ಕೆಂದು ಮಾರಿದ. ಅದನ್ನು ಜೋಡಿಸಿದ ಮಗುವಿಗೆ ಯಾವ ದೇಶದ ಪಕ್ಕ ಯಾವುದಿದೆ ಎಂದು ತಿಳಿಯುತ್ತಿತ್ತು. ಐಫೆಲ್ ಜೋಡಿಸಿದವರಿಗೆ ಯಾವುದರ ಮೇಲೆ ಯಾವುದು ನಿಂತಿದೆ ಎಂದು ತಿಳಿಯುತ್ತದೆ. ಒಂದು ಪೆಟ್ಟಿಗೆ ಮುಗಿಸಿದ ಮಕ್ಕಳಿಗೆ ಎರಡನೆಯದನ್ನು ಕೊಡಿಸುವ ಮೊದಲು ರಟ್ಟು, ಸ್ಕೇಲ್, ಕತ್ತರಿ ಕೊಟ್ಟು ಊರಿನ ನೀರಿನ ಟ್ಯಾಂಕನ್ನೋ ಮೊಬೈಲ್ ಟವರನ್ನೋ ಸೀಳಿಗೆ ಸೀಳು ಕೂರುವಂತೆ ಅವರೇ ಬರೆದು ಕತ್ತರಿಸಲಿ. ಮೊದಲ ತುಂಡಿನ ಸೀಳಿಗೆ ಎಷ್ಟು ಅಗಲ ಎಂಬ ಪ್ರಶ್ನೆ ಎದುರಾದೊಡನೆ, ಒಂದು ಗೋಪುರಕ್ಕೆ 5,300 ನಕ್ಷೆಗಳು ಯಾಕೆ ಬೇಕಾದವು ಎಂದು ಯಾರೂ ಅವರಿಗೆ ವಿವರಿಸಬೇಕಾಗುವುದಿಲ್ಲ.